ಚೆಂಡಿನ ಮಾತು, ಮೈನೋವಿನ ಮಾತು

ಭಾನುವಾರದ ಪೂಜೆ ಮುಗಿದ ಮೇಲೆ ಗೂಡಲೂರು ಕಡೆಯ ನಮ್ಮ ಗಂಡಸರು ನೇರವಾಗಿ ಮನೆಗೆ ಹೋಗುವುದು ಅಪರೂಪ. ಹೆಂಗಸರು ಮೀನು, ತರಕಾರಿ ಎಂದು ಪೇಟೆಯ ಕಡೆ ಹೊರಟರೆ ನಾವು ಏಳೆಂಟು ಮಂದಿ ಚರ್ಚಿನ ಗೇಟಿನ ಎದುರಿಗಿರುವ ಚಹಾ ಅಂಗಡಿಯ ಬೆಂಚಿನಲ್ಲಿ ಕೂರುತ್ತೇವೆ. ಕನ್ನಡ, ತಮಿಳು, ಮಲಯಾಳ, ಬಡಗ ಎಲ್ಲ ಬೆರೆತ ಮಾತು. ವಿಷಯ ಮಾತ್ರ ಒಂದೇ, ಫುಟ್‌ಬಾಲ್.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಾಡುಕಾಣಿ ಘಾಟಿ ಇಳಿದರೆ ನಿಲಂಬೂರು. ಅದರಾಚೆ ಮಲಪ್ಪುರಂ ಜಿಲ್ಲೆಯ ಉದ್ದಕ್ಕೂ ಸೆವೆನ್ಸ್ ಆಟದ ಮೈದಾನಗಳು. ತಂಡಕ್ಕೆ ಏಳೇ ಜನ, ರಾತ್ರಿ ದೀಪದ ಬೆಳಕಿನಲ್ಲಿ ಆಟ, ಸುತ್ತ ಕಿಕ್ಕಿರಿದ ಜನ. ಜೀಪು ಮಾಡಿಕೊಂಡು ಹೋಗಿ ಆಟ ನೋಡಿ ಬೆಳಗಿನ ಜಾವ ಮನೆ ಸೇರಿ, ಹೆಂಡತಿಯಿಂದ ಬೈಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಇತ್ತ ಊಟಿಯ ಕಡೆ ಬೆಟ್ಟ ಹತ್ತಿ ಮುಂದೆ ಹೋದರೆ ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟಲ್ ಸೆಂಟರ್. ಈ ಸೇನಾ ಕೇಂದ್ರದ ತಂಡ 1955ರಲ್ಲಿ ಮತ್ತು 1958ರಲ್ಲಿ ಡ್ಯುರಾಂಡ್ ಕಪ್ ಗೆದ್ದಿತ್ತು. ಆ ಕಾಲದಲ್ಲಿ ಅದರ ಗೋಲು ಕಾಯುತ್ತಿದ್ದವರು ಹೈದರಾಬಾದಿನ ಕಡೆಯಿಂದ ಬಂದ ಪೀಟರ್ ತಂಗರಾಜ್. ಮೊದಲು ಮುಂದಿನ ಸಾಲಿನಲ್ಲಿ ಆಡುತ್ತಿದ್ದ ಆ ಎತ್ತರದ ಹುಡುಗ ಗೋಲ್‌ಕೀಪರ್ ಆಗಿ, 1956 ಮತ್ತು 1960ರ ಒಲಿಂಪಿಕ್ಸ್‌ಗೆ ಹೋಗಿ, 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಆಟ ಗೊತ್ತಿದ್ದರೆ ಬಡವರ ಮನೆಯ ಹುಡುಗನಿಗೂ ಒಂದು ಬಾಗಿಲು ತೆರೆಯುತ್ತದೆ ಎಂಬ ನಂಬಿಕೆ ನಮ್ಮ ಬೆಟ್ಟದಲ್ಲಿ ಹಳೆಯದು.

ಈಗ ಆ ಬಾಗಿಲು ಕಾಲೇಜಿನದು. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ನಮ್ಮ ಬೆಂಚಿನಲ್ಲಿ ಬೇರೆ ಮಾತೇ ಇಲ್ಲ. ಯಾವ ಹುಡುಗನನ್ನು ಕೊಯಮತ್ತೂರಿನ ಯಾವ ಕಾಲೇಜು ಕರೆಯಿತು, ಕೋಝಿಕೋಡಿನ ಟ್ರಯಲ್ಸಿಗೆ ಯಾರು ಹೋದರು, ಸ್ಪೋರ್ಟ್ಸ್ ಕೋಟಾದಲ್ಲಿ ಫೀಸು ಪೂರ್ತಿ ಬಿಡುತ್ತಾರೋ ಅರ್ಧವೋ, ಹಾಸ್ಟೆಲಿನ ಊಟ ಹೇಗೆ, ಜಿಲ್ಲಾ ತಂಡದ ಸರ್ಟಿಫಿಕೇಟು ಸಾಕೋ ರಾಜ್ಯ ಮಟ್ಟದ್ದೇ ಬೇಕೋ. ಚಹಾ ತೋಟದ ಕೂಲಿಯಲ್ಲಿ ಮಗನನ್ನು ಓದಿಸುವ ಮನೆಗೆ ಇದು ಹರಟೆಯ ವಿಷಯವಲ್ಲ. ಆ ಒಂದು ಸೀಟಿನ ಮೇಲೆ ಇಡೀ ಮನೆಯ ಲೆಕ್ಕಾಚಾರ ನಿಂತಿರುತ್ತದೆ.

ಮಾತು ಜಾರುವ ದಾರಿ

ಆದರೆ ಪ್ರಿಯ ಓದುಗರೇ, ಈ ಮಾತು ಹೆಚ್ಚು ಹೊತ್ತು ಚೆಂಡಿನ ಮೇಲೆ ನಿಲ್ಲುವುದಿಲ್ಲ. ಕಳೆದ ವರ್ಷದ ಒಂದು ಭಾನುವಾರ ನಾವು ಅದನ್ನು ಗಮನಿಸಿದೆವು. ಬ್ಯಾಕ್ ಆಡುವ ಒಬ್ಬ ಹುಡುಗನನ್ನು ಕಾಲೇಜು ಯಾಕೆ ಕೈಬಿಟ್ಟಿತು ಎಂದು ಒಬ್ಬರು ಕೇಳಿದರು. "ಮಂಡಿ ಹೋಗಿದೆಯಲ್ಲ ಅಣ್ಣ, ಲಿಗಮೆಂಟು" ಎಂದು ಇನ್ನೊಬ್ಬರು. ಅಷ್ಟೇ ಸಾಕಾಯಿತು. ಮೂರನೆಯವರು ಪ್ಯಾಂಟು ಮೇಲಕ್ಕೆ ಮಡಿಸಿ ತಮ್ಮ ಮಂಡಿಯ ಹೊಲಿಗೆಯ ಗುರುತು ತೋರಿಸಿದರು. ನಾಲ್ಕನೆಯವರಿಗೆ ತಮ್ಮ ಭಾವನಿಗೆ ಸ್ಟೆಂಟ್ ಹಾಕಿದ್ದು ನೆನಪಾಯಿತು. ಐದನೆಯವರು, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯಿದ್ದರೂ ಹೆಂಡತಿಗಲ್ಲದೆ ಯಾರಿಗೂ ಹೇಳಿರದವರು, ಪಾದದ ಉರಿಯಿಂದ ರಾತ್ರಿ ನಿದ್ದೆಯಿಲ್ಲ ಎಂದರು.

ನಮ್ಮ ಗಂಡಸರು "ಹೇಗಿದ್ದೀರಿ" ಎಂದು ಕೇಳಿದರೆ "ದೇವರ ದಯೆ, ಚೆನ್ನಾಗಿದ್ದೇನೆ" ಎಂದೇ ಉತ್ತರಿಸುವವರು. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಪರಿಚಯದವರು ಕಂಡರೆ ಮುಖ ಆಚೆ ತಿರುಗಿಸುವವರು. ಅಂಥವರ ಬಾಯಿಂದ ಫುಟ್‌ಬಾಲಿನ ನೆಪದಲ್ಲಿ ಎಲ್ಲವೂ ಹೊರಗೆ ಬರುತ್ತದೆ. ಆಟಗಾರನ ಮಂಡಿಯ ಮಾತಾಡುತ್ತಾ ತನ್ನ ಮಂಡಿಯ ಮಾತಾಡುವುದು ಸುಲಭ. ಇದನ್ನು ಹರಟೆ ಎಂದು ತಳ್ಳಿಹಾಕಬಾರದು ಎಂದು ನಮಗೆ ಅನ್ನಿಸಿದ್ದು ಆ ದಿನವೇ. ಏಕೆಂದರೆ ಅಂದು ಕೊನೆಯಲ್ಲಿ ಬಾಯಿಬಿಟ್ಟವರು ಅದುವರೆಗೆ ಸುಮ್ಮನೆ ಕೂತಿದ್ದ ಒಬ್ಬ ತಂದೆ.

ಅವರ ಮಗನಿಗೆ ಕಾಲೇಜಿನ ಸೀಟು ಖಚಿತವಾಗಿತ್ತು. ಎಲ್ಲರೂ ಆಗಲೇ ಕೈಕುಲುಕಿದ್ದರು. ಅವರು ಲೋಟ ಕೆಳಗಿಟ್ಟು, "ಒಂದು ಮಾತು. ಎರಡು ತಿಂಗಳ ಹಿಂದೆ ಅಭ್ಯಾಸ ಮಾಡುವಾಗ ಬಿದ್ದುಬಿಟ್ಟಿದ್ದ. ಏರಿನಲ್ಲಿ ಹತ್ತು ಸಲ ಓಡಿಸಿದರಂತೆ. ಕಾಲಿನಲ್ಲಿ ಬಲವೇ ಇಲ್ಲ ಅಪ್ಪಾ ಅಂದ. ಮಾತು ಸರಿಯಾಗೇ ಆಡುತ್ತಿದ್ದ. ಅರ್ಧ ಗಂಟೆ ಮಲಗಿಸಿ ನೀರು ಕೊಟ್ಟ ಮೇಲೆ ಎದ್ದ. ಫಾರಂನಲ್ಲಿ ಕಾಯಿಲೆ ಏನಾದರೂ ಇದೆಯಾ ಅಂತ ಕೇಳಿದ್ದಾರೆ. ಇಲ್ಲ ಅಂತ ಬರೆದಿದ್ದೇನೆ" ಎಂದರು.

ಬೆಂಚು ನಿಶ್ಶಬ್ದವಾಯಿತು. ಆಮೇಲೆ ಎಲ್ಲರೂ ಒಟ್ಟಿಗೆ ವೈದ್ಯರಾದರು. ಬೀಟ್‌ರೂಟ್ ಕೊಡಿ, ಕಬ್ಬಿಣದ ಮಾತ್ರೆ ಕೊಡಿ, ಮೊಟ್ಟೆ ಕೊಡಿ, ವಯಸ್ಸಿನ ಹುಡುಗ ಬೆಳೆಯುತ್ತಾನೆ ಬಿಡಿ. ಅಷ್ಟರಲ್ಲಿ ಪೇಟೆಯಿಂದ ಹಿಂದಿರುಗಿದ ನಮ್ಮ ನರ್ಸಕ್ಕ, ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದವರು, ಕೊನೆಯ ಮಾತು ಕೇಳಿಸಿಕೊಂಡು ನಿಂತರು. "ಸಿಕಲ್ ಸೆಲ್ ಪರೀಕ್ಷೆ ಮಾಡಿಸಿದ್ದೀರಾ ತಮ್ಮಾ?" ಎಂದು ಕೇಳಿದರು. ಯಾರಿಗೂ ಆ ಮಾತಿನ ಅರ್ಥ ಗೊತ್ತಿರಲಿಲ್ಲ.

ನಮ್ಮ ಬೆಟ್ಟಕ್ಕೆ ಹಳೆಯ ಕಾಯಿಲೆ

ಗೊತ್ತಿರಬೇಕಾಗಿತ್ತು. ಭಾರತದಲ್ಲಿ ಸಿಕಲ್ ಸೆಲ್ ಮೊದಲು ಪತ್ತೆಯಾದದ್ದೇ ನೀಲಗಿರಿಯಲ್ಲಿ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ಇಬ್ಬರು ವಿಜ್ಞಾನಿಗಳು ಇಲ್ಲಿನ ಬುಡಕಟ್ಟು ಜನರ ರಕ್ತ ಪರೀಕ್ಷಿಸಿ ಅದನ್ನು ಕಂಡು ಬರೆದರು. ನಮ್ಮ ಶರೀರದ ಕೆಂಪು ರಕ್ತಕಣ ದುಂಡಗೆ, ಮೆತ್ತಗೆ ಇದ್ದು ಸಣ್ಣ ರಕ್ತನಾಳದಲ್ಲೂ ನುಸುಳಿ ಹೋಗುತ್ತದೆ. ಈ ಕಾಯಿಲೆಯಲ್ಲಿ ಆಮ್ಲಜನಕ ಕಡಿಮೆಯಾದಾಗ ಅದೇ ಕಣ ಕುಡುಗೋಲಿನಂತೆ ಬಾಗಿ ಗಡುಸಾಗುತ್ತದೆ, ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಕೆಂಪು ಕಣ ಸುಮಾರು 120 ದಿನ ಬಾಳಿದರೆ ಬಾಗಿದ ಕಣ 10ರಿಂದ 20 ದಿನಕ್ಕೇ ನಾಶವಾಗುತ್ತದೆ. ಅದರಿಂದಲೇ ರಕ್ತಹೀನತೆ, ಕೈಕಾಲು ಮೂಳೆಗಳಲ್ಲಿ ತಡೆಯಲಾರದ ನೋವು, ಪದೇಪದೇ ಸೋಂಕು.

ಇದು ತಂದೆತಾಯಿಯಿಂದ ಬರುವಂಥದ್ದು, ಮುಟ್ಟಿದರೆ ಅಂಟುವುದಿಲ್ಲ. ಒಬ್ಬರಿಂದ ಮಾತ್ರ ಈ ಗುಣ ಬಂದರೆ ಆ ಮಗು ವಾಹಕ, ರೋಗಿಯಲ್ಲ. ಹೆಚ್ಚಿನ ವಾಹಕರು ಜೀವನವಿಡೀ ಯಾವ ತೊಂದರೆಯೂ ಇಲ್ಲದೆ ಇರುತ್ತಾರೆ. ಮಲೇರಿಯ ಹೆಚ್ಚಾಗಿದ್ದ ಕಾಡುಸೀಮೆಗಳಲ್ಲಿ ಈ ಗುಣ ಉಳಿದುಬಂದದ್ದಕ್ಕೂ ಕಾರಣವಿದೆ. ವಾಹಕರಿಗೆ ತೀವ್ರ ಮಲೇರಿಯದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಪೂರ್ಣ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು.

ಗೂಡಲೂರಿನಲ್ಲಿ ಅಶ್ವಿನಿ ಸಂಸ್ಥೆಯ ಆದಿವಾಸಿ ಆಸ್ಪತ್ರೆ ಈ ಕಾಯಿಲೆಯವರ ಆರೈಕೆಯಲ್ಲಿ ವರ್ಷಗಳಿಂದ ತೊಡಗಿದೆ. ಕೇಂದ್ರ ಸರ್ಕಾರವೂ 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಆರಂಭಿಸಿ, ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆಯ ಗುರಿ ಇಟ್ಟುಕೊಂಡಿತು. ಕಾಯಿಲೆ ಬುಡಕಟ್ಟು ಜನರಲ್ಲಿ ಹೆಚ್ಚು ನಿಜ. ಆದರೆ ಅದು ಅವರದ್ದು ಮಾತ್ರ ಎಂದು ತಿಳಿಯುವುದು ತಪ್ಪು. ತಲೆಮಾರುಗಳಿಂದ ಒಂದೇ ಬೆಟ್ಟದಲ್ಲಿ ಬಾಳಿ ಬೆರೆತವರು ನಾವು. ರಕ್ತಕ್ಕೆ ನಮ್ಮ ಜಾತಿಯ ಲೆಕ್ಕ ಗೊತ್ತಿಲ್ಲ.

ಅಮೆರಿಕದ ಒಂದು ಕಾಲೇಜಿನಲ್ಲಿ

ಆಟಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾವು ಕೇಳಿದೆವು. ಉತ್ತರ ದೂರದ ಅಮೆರಿಕದಲ್ಲಿತ್ತು. ಅಲ್ಲಿಯ ಫುಟ್‌ಬಾಲ್ ನಮ್ಮದಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಆದರೆ ಯಾವ ಶಾಲೆಯ ಹುಡುಗ ಯಾವ ಕಾಲೇಜು ಸೇರುತ್ತಾನೆ ಎಂದು ಅಲ್ಲಿಯ ಅಭಿಮಾನಿಗಳು ವರ್ಷವಿಡೀ ಮಾತಾಡುವುದು ನಮ್ಮ ಬೆಂಚಿನ ಹಾಗೆಯೇ. 2006ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ತಂಡಕ್ಕೆ ಹೊಸದಾಗಿ ಸೇರಿದ್ದ ಡೇಲ್ ಲಾಯ್ಡ್ ಎಂಬ 19ರ ಹುಡುಗ, ಮತ್ತೆ ಮತ್ತೆ ಓಡಿಸಿದ ಅಭ್ಯಾಸದ ನಂತರ ಕುಸಿದು ಪ್ರಾಣ ಬಿಟ್ಟ. ಅವನು ಸಿಕಲ್ ಸೆಲ್ ವಾಹಕ. ಅದು ಯಾರಿಗೂ ಗೊತ್ತಿರಲಿಲ್ಲ. ಮಗನನ್ನು ಕಳೆದುಕೊಂಡ ತಂದೆತಾಯಿ ಸುಮ್ಮನೆ ಕೂರಲಿಲ್ಲ. ಕೊನೆಗೆ 2010ರಲ್ಲಿ ಅಲ್ಲಿಯ ಕಾಲೇಜು ಕ್ರೀಡೆಗಳ ಮಂಡಲಿ, ಮೇಲಿನ ದರ್ಜೆಯ ತಂಡಗಳ ಆಟಗಾರರಿಗೆ ಈ ರಕ್ತಪರೀಕ್ಷೆಯ ನಿಯಮ ತಂದಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ನಿಯಮ ವಾಹಕರನ್ನು ಆಟದಿಂದ ಹೊರಗಿಡಲು ಬಂದದ್ದಲ್ಲ. ವಾಹಕನೂ ಆಡಬಹುದು, ಎಲ್ಲರ ಹಾಗೆ ಗೆಲ್ಲಬಹುದು. ಅಭ್ಯಾಸವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು, ನಡುನಡುವೆ ವಿಶ್ರಾಂತಿ ಬೇಕು, ನೀರು ಸಾಕಷ್ಟು ಕುಡಿಯಬೇಕು, ಜ್ವರ ಇದ್ದಾಗ ಓಡಬಾರದು, ಎತ್ತರದ ಊರಿಗೆ ಹೋದರೆ ಮೊದಲ ದಿನಗಳಲ್ಲಿ ನಿಧಾನವಾಗಿರಬೇಕು. ಸುಮಾರು 2,240 ಮೀಟರ್ ಎತ್ತರದ ಊಟಿಗೆ ಮಸಿನಗುಡಿಯಿಂದಲೋ ಗೂಡಲೂರಿನಿಂದಲೋ ಆಡಲು ಹೋಗುವ ನಮ್ಮ ಹುಡುಗರು ಇದನ್ನು ನೆನಪಿಡಬೇಕು. ಕಾಲಿನಲ್ಲಿ ಬಲವಿಲ್ಲ ಎಂದು ಹುಡುಗ ಹೇಳಿದ ಕೂಡಲೇ ಆಟ ನಿಲ್ಲಿಸಬೇಕು. ಸೋಮಾರಿ ಎಂದು ಬೈದು ಇನ್ನೊಂದು ಸುತ್ತು ಓಡಿಸಿದರೆ ಅಪಾಯ ಅಲ್ಲಿದೆ.

ನಾವು ಮಾಡಿದ ತಪ್ಪು

ಆ ತಂದೆ ಮಗನನ್ನು ಪರೀಕ್ಷೆಗೆ ಕರೆದುಕೊಂಡು ಹೋದರು. ಮೊದಲು ಒಂದು ಸರಳ ಪರೀಕ್ಷೆ, ಆಮೇಲೆ ಅದನ್ನು ಖಚಿತಪಡಿಸಲು ಇನ್ನೊಂದು. ಹುಡುಗ ವಾಹಕ ಎಂದು ತಿಳಿಯಿತು. ಅದನ್ನು ನಮ್ಮನ್ನು ನಂಬಿ ಬೆಂಚಿನಲ್ಲಿ ಹೇಳಿದರು.

ಮುಂದಿನ ಭಾನುವಾರ ಅವರು ಬೆಂಚಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಪೂಜೆ ಮುಗಿದ ಕೂಡಲೇ ಪಕ್ಕದ ಬಾಗಿಲಿನಿಂದ ಹೊರಟುಬಿಡುತ್ತಿದ್ದರು. ಕಾರಣ ಆಮೇಲೆ ತಿಳಿಯಿತು. "ಆ ಮನೆಯವರಿಗೆ ರಕ್ತದ ಕಾಯಿಲೆಯಂತೆ" ಎಂಬ ಮಾತು ಊರೆಲ್ಲ ಹರಡಿತ್ತು. ಅವರ ದೊಡ್ಡ ಮಗಳಿಗೆ ಬಂದಿದ್ದ ಸಂಬಂಧದವರು ಮಾತು ಮುಂದುವರಿಸಲಿಲ್ಲ. ಹರಡಿದ್ದು ಯಾರು? ಬೇರೆ ಯಾರೂ ಅಲ್ಲ, ನಾವೇ. ಕೆಟ್ಟ ಮನಸ್ಸಿನಿಂದಲ್ಲ, ಮನೆಗೆ ಹೋಗಿ ಊಟದ ಹೊತ್ತಿಗೆ "ಪಾಪ, ಆ ಹುಡುಗ" ಎಂದು ಹೇಳಿದೆವು. ಆ "ಪಾಪ" ಎಂಬ ಎರಡಕ್ಷರ ಬಾಯಿಂದ ಬಾಯಿಗೆ ಹೋಗುವಾಗ ವಾಹಕ ಎಂಬ ಮಾತು ಬಿಟ್ಟುಹೋಗಿ ಕಾಯಿಲೆ ಎಂಬ ಮಾತು ಉಳಿಯಿತು.

ನಾವು ಮೂವರು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವರು ಬೈಯಲಿಲ್ಲ. "ಫಾರಂನಲ್ಲಿ ಸುಳ್ಳು ಬರೆದಾಗ ನನಗೆ ನಿದ್ದೆ ಬರಲಿಲ್ಲ. ನಿಮ್ಮ ಹತ್ತಿರ ನಿಜ ಹೇಳಿದ ಮೇಲೂ ನಿದ್ದೆ ಇಲ್ಲ" ಎಂದರು. ಅವರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ನಮಗೆ ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಮಗಳ ಪರೀಕ್ಷೆಯನ್ನೂ ಮಾಡಿಸಿದ್ದರು. ಅವಳು ವಾಹಕಳೂ ಅಲ್ಲ. ಆದರೆ ಮುರಿದ ಮಾತು ಮತ್ತೆ ಕೂಡಲಿಲ್ಲ. ಹುಡುಗನ ವಿಷಯದಲ್ಲಿ ಮಾತ್ರ ಒಳ್ಳೆಯದೇ ಆಯಿತು. ತಂದೆ ಮಗ ಇಬ್ಬರೂ ವೈದ್ಯರ ಚೀಟಿ ಹಿಡಿದು ಕಾಲೇಜಿಗೆ ಹೋಗಿ ನಿಜ ಹೇಳಿದರು. ತರಬೇತುದಾರರು ಚೀಟಿ ಓದಿ, ಅಭ್ಯಾಸದ ವೇಳಾಪಟ್ಟಿ ಬದಲಿಸಿಕೊಟ್ಟರು. ಸೀಟು ಹೋಗಲಿಲ್ಲ. ಹುಡುಗ ಈಗಲೂ ಆಡುತ್ತಿದ್ದಾನೆ.

ಮೈದಾನದಲ್ಲಿ ನಿಂತ ಹೃದಯ

ಆಟಗಾರನ ಆರೋಗ್ಯ ಎಂದರೆ ರಕ್ತವೊಂದೇ ಅಲ್ಲ. ಹೃದಯದ ವಿಷಯದಲ್ಲಿ ನಮ್ಮ ಸುತ್ತಮುತ್ತಲೇ ನಡೆದದ್ದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲು ಹೊಡೆಯುವಾಗ ಎದುರಾಳಿ ಗೋಲ್‌ಕೀಪರಿಗೆ ಡಿಕ್ಕಿಯಾಗಿ ಬಿದ್ದವರು ಮತ್ತೆ ಏಳಲಿಲ್ಲ. 2012ರ ಮಾರ್ಚಿನಲ್ಲಿ ಅದೇ ಬೆಂಗಳೂರಿನಲ್ಲಿ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಪಂದ್ಯದ ನಡುವೆ ಕುಸಿದು ತೀರಿಕೊಂಡರು. ಆಂಬುಲೆನ್ಸ್ ಇಲ್ಲದೆ ಆಟೊರಿಕ್ಷಾದಲ್ಲಿ ಸಾಗಿಸಿದರೆಂದು ಪತ್ರಿಕೆಗಳು ಬರೆದವು. 2019ರ ಡಿಸೆಂಬರ್ 29ರಂದು ನಮ್ಮ ಘಾಟಿಯ ಕೆಳಗಿನ ಪೆರಿಂದಲ್‌ಮಣ್ಣದಲ್ಲಿ ಸೆವೆನ್ಸ್ ಆಡುತ್ತಿದ್ದ ಆರ್. ಧನರಾಜನ್, ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಮಾಜಿ ಆಟಗಾರ, ಮೈದಾನದಲ್ಲೇ ಕುಸಿದು ಕೊನೆಯುಸಿರೆಳೆದರು.

ಬದುಕಿ ಬಂದವರೂ ಇದ್ದಾರೆ. 2021ರ ಜೂನ್ 12ರಂದು ಯೂರೊ ಪಂದ್ಯದಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಬಿದ್ದಾಗ ತಕ್ಷಣ ಎದೆ ಒತ್ತಿದರು, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ ಅಲ್ಲೇ ಇತ್ತು. ಎಂಟು ತಿಂಗಳಲ್ಲಿ ಅವರು ಮತ್ತೆ ಆಟಕ್ಕಿಳಿದರು. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಆಟಗಾರರಿಗೆ ಇಸಿಜಿ ಸಹಿತ ತಪಾಸಣೆ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಅದರ ನಂತರದ ವರ್ಷಗಳಲ್ಲಿ ಯುವ ಆಟಗಾರರ ಹಠಾತ್ ಸಾವು ಸುಮಾರು ಶೇಕಡಾ 89ರಷ್ಟು ಇಳಿಯಿತೆಂದು 2006ರಲ್ಲಿ ವೈದ್ಯರು ವರದಿ ಮಾಡಿದರು.

ಮನೆಯಲ್ಲಿ ಕೇಳಬೇಕಾದದ್ದು

ಹಾಗಾದರೆ ಮಗನನ್ನೋ ಮಗಳನ್ನೋ ಟ್ರಯಲ್ಸಿಗೆ ಕಳಿಸುವ ಮೊದಲು ನಾವೇನು ಮಾಡಬೇಕು? ಅಂಗಡಿಯಲ್ಲಿ ಸಾಮಾನು ಕೊಂಡಂತೆ ನಿಂತ ನಿಲುವಿನಲ್ಲಿ ಫಿಟ್‌ನೆಸ್ ಸರ್ಟಿಫಿಕೇಟು ಬರೆಸಿಕೊಂಡು ಬರಬಾರದು. ಮೊದಲು ಮನೆಯಲ್ಲೇ ಕೂತು ಕೇಳಬೇಕು. ಓಡುವಾಗ ಯಾವತ್ತಾದರೂ ತಲೆ ತಿರುಗಿ ಬಿದ್ದಿದ್ದೀಯಾ? ಎದೆಯಲ್ಲಿ ನೋವು, ಹಿಡಿದಂತಾಗುವುದು, ಎದೆಬಡಿತ ತಪ್ಪಿದಂತೆ ಆಗುವುದು ಇದೆಯಾ? ಗೆಳೆಯರಿಗಿಂತ ಬೇಗ ಉಸಿರು ಕಟ್ಟುತ್ತದೆಯಾ? ನಮ್ಮ ವಂಶದಲ್ಲಿ ಐವತ್ತು ತುಂಬುವ ಮೊದಲೇ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ? ಈ ಕೊನೆಯ ಪ್ರಶ್ನೆಗೆ ಉತ್ತರ ಅಜ್ಜಿಯರ ಹತ್ತಿರ ಇರುತ್ತದೆ. ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ವೈದ್ಯರಿಗೆ ಅದನ್ನು ಹೇಳಿ ಇಸಿಜಿ ಮಾಡಿಸಬೇಕು. ನೀಲಗಿರಿಯವರು ಜೊತೆಗೆ ಸಿಕಲ್ ಸೆಲ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಮೈದಾನದಲ್ಲಿ ಯಾರಾದರೂ ಬಿದ್ದರೆ ಮೊದಲು ನೋಡಬೇಕಾದದ್ದು ಇಷ್ಟು. ಸ್ನಾಯು ಹಿಡಿದುಕೊಂಡವನು ನೋವಿನಿಂದ ಕುಂಟುತ್ತಾ ನಿಲ್ಲುತ್ತಾನೆ. ಸಿಕಲ್ ಸೆಲ್ ತೊಂದರೆಯಾದವನು ಬಲವಿಲ್ಲದೆ ಕುಸಿಯುತ್ತಾನೆ, ಮೊದಲಿಗೆ ಮಾತಾಡುತ್ತಾನೆ. ಅವನನ್ನು ಕೂಡಲೇ ಮಲಗಿಸಿ, ತಂಪು ಮಾಡಿ, ಆಸ್ಪತ್ರೆಗೆ ಸೇರಿಸಬೇಕು. ಎದ್ದು ಕೂತ, ಸರಿಹೋಯಿತು ಎಂದು ಬಿಡಬಾರದು. ಹೃದಯ ನಿಂತವನು ಒಮ್ಮೆಗೇ ಬೀಳುತ್ತಾನೆ, ಕರೆದರೆ ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುವುದಿಲ್ಲ. ಆಗ ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಎದೆಯ ನಡುವೆ ಎರಡೂ ಕೈಯೂರಿ ಒತ್ತಲು ತೊಡಗಬೇಕು. ಐದು ಸೆಂಟಿಮೀಟರಿನಷ್ಟು ಆಳ, ನಿಮಿಷಕ್ಕೆ 100ರಿಂದ 120 ಸಲ, ನೆರವು ಬರುವವರೆಗೆ ಬಿಡದೆ. ನೀರು ಕುಡಿಸುವುದು, ಕೈಗೆ ಕಬ್ಬಿಣ ಕೊಡುವುದು, ಸುತ್ತ ಗುಂಪುಗೂಡುವುದು, ಇವುಗಳಿಂದ ಹೊತ್ತು ಹಾಳು. ಇದನ್ನು ಕಲಿಯಲು ವೈದ್ಯರಾಗಬೇಕಿಲ್ಲ. ಧರ್ಮಕೇಂದ್ರದ ಸಭಾಂಗಣದಲ್ಲಿ ಒಂದು ಮಧ್ಯಾಹ್ನ ಸಾಕು. ನಮ್ಮ ನರ್ಸಕ್ಕ ತಲೆದಿಂಬು ಇಟ್ಟುಕೊಂಡು ನಮಗೆ ಕಲಿಸಿದರು. ಎರಡು ನಿಮಿಷ ಒತ್ತುವಷ್ಟರಲ್ಲಿ ನಮ್ಮ ಗಂಡಸರ ಅಂಗಿ ಬೆವರಿನಿಂದ ಒದ್ದೆ.

ಕೊನೆಯದಾಗಿ ಬೆಂಚಿನ ಮಾತು. ಚಹಾ ಅಂಗಡಿಯ ಹರಟೆ ನಿಲ್ಲಿಸಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಆ ಹರಟೆ ಇಲ್ಲದಿದ್ದರೆ ಆ ತಂದೆಯ ಗುಟ್ಟು ಅವರ ಎದೆಯಲ್ಲೇ ಉಳಿದು, ಹುಡುಗ ಯಾವುದೋ ಮೈದಾನದಲ್ಲಿ ಬಿದ್ದಿರುತ್ತಿದ್ದ. ಆದರೆ ಒಬ್ಬರು ತಮ್ಮ ನೋವು ಹೇಳಿಕೊಂಡಾಗ ನಮ್ಮ ಪಾಲಿಗೆ ಎರಡೇ ಕೆಲಸ. ಮದ್ದು ಹೇಳದೆ ಅವರ ಜೊತೆ ಆಸ್ಪತ್ರೆಯವರೆಗೆ ಹೋಗುವುದು ಒಂದು. ಕೇಳಿದ್ದನ್ನು ಮನೆಗೆ ಹೊತ್ತುಕೊಂಡು ಹೋಗದಿರುವುದು ಇನ್ನೊಂದು. ಎರಡನೆಯದೇ ಹೆಚ್ಚು ಕಷ್ಟ ಎಂದು ನಾವು ಕಲಿತದ್ದು ಬೇರೆಯವರ ಮಗಳ ಖರ್ಚಿನಲ್ಲಿ.

ಮೊನ್ನೆ ಆ ತಂದೆ ಮತ್ತೆ ಬೆಂಚಿಗೆ ಬಂದರು. ಯಾರೂ ಹುಡುಗನ ಆರೋಗ್ಯ ಕೇಳಲಿಲ್ಲ. ಅವನು ಕಳೆದ ಪಂದ್ಯದಲ್ಲಿ ಎಷ್ಟು ಗೋಲು ಹೊಡೆದ ಎಂದು ಕೇಳಿದೆವು. "ಒಂದೂ ಇಲ್ಲ" ಎಂದು ನಕ್ಕರು. ಅಂಗಡಿಯವರು ಕೇಳದೆಯೇ ಒಂದು ಚಹಾ ಹೆಚ್ಚಿಗೆ ತಂದಿಟ್ಟರು.